ಕಾಲಿಗಿಂತ ಮೊದಲು ಕಾರ್ಟಿಸಾಲ್, ಎಣ್ಣೆಗಿಂತ ಮೊದಲು ಅಕ್ಕನ ಮಗ

ಪ್ರಶ್ನೆ: ನನಗೆ 37 ವರ್ಷ. ದಾವಣಗೆರೆ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಐದು ವರ್ಷದಿಂದ ಎರಡೂ ಕಾಲು ಬಿಗಿಯಾಗುತ್ತಾ ಬಂದಿವೆ. ಹವಾಯಿ ಚಪ್ಪಲಿ ಕಾಲಿಂದ ಕಳಚಿಕೊಂಡರೂ ಗೊತ್ತಾಗುವುದಿಲ್ಲ, ಚಪ್ಪಲಿಯ ಮುಂತುದಿ ಮೊದಲು ಸವೆಯುತ್ತದೆ. ಬೈಕಿನ ಮೇಲೆ ಕಾಲಿಟ್ಟರೆ ಹಿಮ್ಮಡಿ ತಾನಾಗಿಯೇ ಟಕಟಕ ಕುಣಿಯುತ್ತದೆ. ಮೂತ್ರ ಬಂತೆಂದರೆ ತಡೆಯಲಾಗದು, ಒಂದು ಪೀರಿಯಡ್ ಮುಗಿಸುವುದೇ ಕಷ್ಟ. ಮೊದಲು ಡಿಸ್ಕ್ ಎಂದರು. ಆಮೇಲೆ ನರದೌರ್ಬಲ್ಯ ಎಂದು ಎರಡು ವರ್ಷ ಬಿ12 ಇಂಜೆಕ್ಷನ್ ಕೊಟ್ಟರು. ಕತ್ತು, ಬೆನ್ನಿನ ಎಂಆರ್‌ಐ ನಾರ್ಮಲ್. ಈಗ ಬೆಂಗಳೂರಿನಲ್ಲಿ ರಕ್ತಪರೀಕ್ಷೆ, ಜೀನ್ ಪರೀಕ್ಷೆ ಮಾಡಿಸಿದ ಮೇಲೆ 'ಅಡ್ರಿನೋಮೈಲೋನ್ಯೂರೋಪತಿ, ಗುಣಪಡಿಸುವ ಔಷಧ ಇಲ್ಲ' ಎಂದಿದ್ದಾರೆ. ಎರಡು ವರ್ಷದಲ್ಲಿ ಮೈ ಕಪ್ಪಾಗಿದೆ, ಸುಸ್ತು ಬಹಳ. ದೊಡ್ಡಮ್ಮನ ಮಗ ಒಂಬತ್ತನೇ ವಯಸ್ಸಿಗೆ ಕಣ್ಣು, ಮಾತು ಹೋಗಿ ತೀರಿಕೊಂಡಿದ್ದ, 'ಮೆದುಳು ಜ್ವರ' ಎಂದಿದ್ದರು. ಸೋದರಮಾವ 34ನೇ ವಯಸ್ಸಿಗೆ ಎರಡು ದಿನದ ವಾಂತಿ ಜ್ವರಕ್ಕೆ ಹೋದರು. ಮನೆಯಲ್ಲಿ ನಾಗದೋಷ ಅನ್ನುತ್ತಾರೆ. ನನ್ನ ಪ್ರಶ್ನೆಗಳು: ಲೊರೆಂಜೊ ಎಣ್ಣೆ ತರಿಸಲೇ? ಅದರ ಬದಲು ಸಾಸಿವೆ ಎಣ್ಣೆ ಆಗುತ್ತದೆ ಎಂದು ಓದಿದೆ, ನಿಜವೇ? ಶೇಂಗಾ, ಬೆಣ್ಣೆ ಎಲ್ಲ ಬಿಟ್ಟಿದ್ದೇನೆ, ಸಾಕೇ? ಕಾಯಿಲೆ ಮೆದುಳಿಗೆ ಹೋಗುತ್ತದೆಯೇ? ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡುತ್ತೇವೆ ಎಂದು ಒಬ್ಬರು ಹೇಳಿದ್ದಾರೆ, ಹೋಗಲೇ? ನನಗೆ ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ ಇದ್ದಾರೆ. ಅಕ್ಕನಿಗೆ ಆರು ವರ್ಷದ ಮಗ. ಇವರಿಗೂ ಬರುತ್ತದೆಯೇ? ಅಮ್ಮನಿಗೆ 62, ಮಂಡಿ ಸವೆತ ಎಂದು ಮುಂದಿನ ತಿಂಗಳು ಆಪರೇಷನ್ ಗೊತ್ತಾಗಿದೆ.

ಉತ್ತರ: ನಿಮ್ಮ ಪತ್ರದ ಬಹುಭಾಗ ಕಾಲಿನ ಬಗ್ಗೆ, ಎಣ್ಣೆಯ ಬಗ್ಗೆ ಇದೆ. ಅದು ಸಹಜ. ಆದರೆ ಬೆನ್ನುಹುರಿಯನ್ನೂ ಅಡ್ರಿನಲ್ ಗ್ರಂಥಿಯನ್ನೂ ಕೆಡಿಸುವ ಈ ಆನುವಂಶಿಕ ಕಾಯಿಲೆಯಲ್ಲಿ ಕಾಲು ಕೆಡುವುದು ವರ್ಷಗಳ ಲೆಕ್ಕದಲ್ಲಿ. ದಿನಗಳ ಲೆಕ್ಕದಲ್ಲಿ ನೋಡಬೇಕಾದ ಎರಡು ವಿಷಯಗಳನ್ನು ನೀವು ನಡುವೆ ಒಂದೊಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ: ಮೈ ಕಪ್ಪಾಗಿರುವುದು, ಅಕ್ಕನ ಮಗ. ಹಾಗಾಗಿ ನಿಮ್ಮ ಪ್ರಶ್ನೆಗಳ ಸರದಿಯನ್ನು ಬದಲಿಸಿ ಉತ್ತರಿಸುತ್ತೇನೆ.

ಮೊದಲು ಕಾರ್ಟಿಸಾಲ್

ಕಾಯಿಲೆಯ ಹೆಸರಿನ ಮೊದಲರ್ಧವೇ 'ಅಡ್ರಿನೋ'. ಎರಡೂ ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನು ಮಾಡುತ್ತವೆ. ಈ ಕಾಯಿಲೆ ಇರುವ ಗಂಡಸರಲ್ಲಿ ಸುಮಾರು 80% ಜನರಿಗೆ ಜೀವನದ ಯಾವುದಾದರೊಂದು ಹಂತದಲ್ಲಿ ಆ ಗ್ರಂಥಿ ಸೋಲುತ್ತದೆ. ಗ್ರಂಥಿ ಸೋತಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ 'ಇನ್ನೂ ಮಾಡು, ಇನ್ನೂ ಮಾಡು' ಎಂದು ಎಸಿಟಿಎಚ್ ಎಂಬ ಹಾರ್ಮೋನನ್ನು ಸುರಿಯುತ್ತಲೇ ಇರುತ್ತದೆ. ಚರ್ಮ ಕಪ್ಪಾಗುವುದು ಅದರಿಂದ. ಬಿಸಿಲಿನ ಕಪ್ಪು ಮುಖ, ಕೈಗಷ್ಟೇ ಇರುತ್ತದೆ. ಈ ಕಪ್ಪು ಬೆರಳಿನ ಗೆಣ್ಣು, ಅಂಗೈ ರೇಖೆ, ಒಸಡು, ಹಳೆಯ ಗಾಯದ ಕಲೆಗಳಲ್ಲಿ ಕಾಣುತ್ತದೆ. ಕನ್ನಡಿ ಮುಂದೆ ನಿಂತು ಒಸಡು ನೋಡಿಕೊಳ್ಳಿ. ಕಪ್ಪು ಇರಲಿ ಬಿಡಲಿ, ಪರೀಕ್ಷೆಯನ್ನಂತೂ ಈ ವಾರವೇ ಮಾಡಿಸಿ.

ಬೆಳಿಗ್ಗೆ 8 ಗಂಟೆಯ ಹೊತ್ತಿಗೆ ಕಾರ್ಟಿಸಾಲ್ ಮತ್ತು ಎಸಿಟಿಎಚ್ ಎರಡನ್ನೂ ಒಟ್ಟಿಗೆ ಕೊಡಬೇಕು. ಇಲ್ಲೊಂದು ಎಡವಟ್ಟು ಆಗುವುದುಂಟು. ಎಸಿಟಿಎಚ್‌ನ ರಕ್ತವನ್ನು ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಟ್ಯೂಬಿಗೆ ತೆಗೆದು, ತಕ್ಷಣ ಐಸ್‌ನಲ್ಲಿಟ್ಟು, ಬೇಗನೆ ಪ್ಲಾಸ್ಮಾ ಬೇರ್ಪಡಿಸಬೇಕು. ಹಾಗೆ ಮಾಡದೆ ಮಾಮೂಲಿ ಡಬ್ಬಿಯಲ್ಲಿ ಬಸ್ಸಿಗೆ ಹಾಕಿ ಕಳಿಸಿದರೆ ಹಾರ್ಮೋನು ದಾರಿಯಲ್ಲೇ ಒಡೆದು, ರಿಪೋರ್ಟ್ 'ನಾರ್ಮಲ್' ಎಂದು ಬರುತ್ತದೆ. ಆದ್ದರಿಂದ ಪರೀಕ್ಷೆ ನಡೆಯುವ ಲ್ಯಾಬಿಗೇ ಹೋಗಿ ಕೊಡಿ. ಈಚೆಗೆ ಮಂಡಿಗೋ ಬೆನ್ನಿಗೋ ಸ್ಟೀರಾಯ್ಡ್ ಇಂಜೆಕ್ಷನ್ ತೆಗೆದುಕೊಂಡಿದ್ದರೆ, ಹೆಸರಿಲ್ಲದ ಪುಡಿ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ, ಫಲಿತಾಂಶ ಏರುಪೇರಾಗುತ್ತದೆ. ಬೆಳಗಿನ ಕಾರ್ಟಿಸಾಲ್ ಡೆಸಿಲೀಟರಿಗೆ 3 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಗ್ರಂಥಿ ಸೋತಿದೆ ಎಂದೇ ಲೆಕ್ಕ. 18ರ ಮೇಲಿದ್ದರೆ ಸದ್ಯಕ್ಕೆ ಚಿಂತೆಯಿಲ್ಲ. ನಡುವೆ ಬಂದರೆ 250 ಮೈಕ್ರೋಗ್ರಾಂ ಕೃತಕ ಎಸಿಟಿಎಚ್ ಚುಚ್ಚಿ, ಅರ್ಧ ಗಂಟೆ, ಒಂದು ಗಂಟೆಗೆ ಮತ್ತೆ ಕಾರ್ಟಿಸಾಲ್ ನೋಡುತ್ತಾರೆ. ಕಾರ್ಟಿಸಾಲ್ ಸರಿಯಿದ್ದು ಎಸಿಟಿಎಚ್ ಮಾತ್ರ ಹೆಚ್ಚಿದ್ದರೆ ಗ್ರಂಥಿ ಏದುಸಿರು ಬಿಡುತ್ತಾ ಕೆಲಸ ಮಾಡುತ್ತಿದೆ ಎಂದರ್ಥ.

ಕೊರತೆ ಖಚಿತವಾದರೆ ಹೈಡ್ರೋಕಾರ್ಟಿಸೋನ್ ಮಾತ್ರೆ, ದಿನಕ್ಕೆ ಒಟ್ಟು 15ರಿಂದ 25 ಮಿಲಿಗ್ರಾಂ. ಸಾಮಾನ್ಯವಾಗಿ ಎದ್ದ ಕೂಡಲೇ 10, ಮಧ್ಯಾಹ್ನ 5, ಸಂಜೆ ಆರರೊಳಗೆ 5. 'ಸ್ಟೀರಾಯ್ಡ್ ಕೆಟ್ಟದ್ದು, ನಿಲ್ಲಿಸಿಬಿಡಿ' ಎಂದು ನಿಮಗೆ ಹೇಳುವವರು ಖಂಡಿತ ಸಿಗುತ್ತಾರೆ. ಸಂಧಿವಾತಕ್ಕೋ ಉಬ್ಬಸಕ್ಕೋ ಕೊಡುವ ದೊಡ್ಡ ಪ್ರಮಾಣದ ಸ್ಟೀರಾಯ್ಡ್ ಬೇರೆ, ದೇಹ ತಾನೇ ಮಾಡಿಕೊಳ್ಳಬೇಕಾದಷ್ಟನ್ನು ಹೊರಗಿನಿಂದ ತುಂಬುವುದು ಬೇರೆ. ಇದನ್ನು ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಸಣ್ಣ ಊರಿನ ಮೆಡಿಕಲ್ ಶಾಪಿನಲ್ಲಿ ಹೈಡ್ರೋಕಾರ್ಟಿಸೋನ್ ಮಾತ್ರೆ ಯಾವಾಗಲೂ ಇರುತ್ತದೆ ಎನ್ನುವಂತಿಲ್ಲ. ಒಂದು ತಿಂಗಳದ್ದು ಮುಂಗಡವಾಗಿ ಇಟ್ಟುಕೊಂಡಿರಿ.

ಜ್ವರ 100.4 ಡಿಗ್ರಿ ದಾಟಿದರೆ ಮಾತ್ರೆ ಎರಡರಷ್ಟು, 102 ದಾಟಿದರೆ ಮೂರರಷ್ಟು, ಜ್ವರ ಇಳಿದು ಒಂದು ದಿನದವರೆಗೆ. ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಮ್ಮೆ ನುಂಗಿ. ಅದೂ ಹೊರಬಂದರೆ ಕಾಯಬೇಡಿ: 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ತೊಡೆಗೆ, ನಂತರ ಆಸ್ಪತ್ರೆಗೆ, ಅಲ್ಲಿ ಸಲೈನ್. ಒಂದು ವಯಲ್, ಸಿರಿಂಜು ಮನೆಯಲ್ಲಿರಲಿ, ಹೆಂಡತಿಯವರಿಗೆ ಚುಚ್ಚುವುದನ್ನು ನರ್ಸ್ ಕೈಯಲ್ಲಿ ಕಲಿಸಿ. ಹಲ್ಲು ಕೀಳಿಸುವುದಿರಲಿ, ಯಾವ ಆಪರೇಷನ್ನೇ ಇರಲಿ, ಮೊದಲೇ ಹೇಳಬೇಕು. ಪರ್ಸಿನಲ್ಲಿ ಆಧಾರ್ ಪಕ್ಕ ಒಂದು ಚೀಟಿ ಇರಲಿ: 'ಅಡ್ರಿನಲ್ ಕೊರತೆ ಇದೆ, ವಾಂತಿ ಅಥವಾ ಪ್ರಜ್ಞೆ ತಪ್ಪಿದ್ದರೆ ಹೈಡ್ರೋಕಾರ್ಟಿಸೋನ್ 100 ಮಿಗ್ರಾಂ ಕೊಡಿ'. ಏಕಾದಶಿ, ಉಪವಾಸ ಯಾವುದಿದ್ದರೂ ಈ ಮಾತ್ರೆ ತಪ್ಪಬಾರದು.

ನಿಮ್ಮ ಸೋದರಮಾವನವರಿಗೆ ಏನಾಗಿತ್ತು ಎಂದು ಇಷ್ಟು ವರ್ಷದ ಮೇಲೆ ಖಚಿತವಾಗಿ ಹೇಳಲಾಗದು. ಆದರೆ ಈ ಕುಟುಂಬದಲ್ಲಿ 34ರ ಗಂಡಸು ಎರಡು ದಿನದ ವಾಂತಿ ಜ್ವರಕ್ಕೆ ಹೋದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಈ ಮಾತ್ರೆ ಸುಸ್ತು, ತಲೆಸುತ್ತು ಕಳೆಯುತ್ತದೆ, ಜೀವ ಉಳಿಸುತ್ತದೆ. ಕಾಲಿನ ಬಿಗಿತವನ್ನು ಸಡಿಲಿಸುವುದಿಲ್ಲ. ಇದನ್ನು ಈಗಲೇ ತಿಳಿದಿದ್ದರೆ ಆರು ತಿಂಗಳ ನಂತರ 'ಕಾಲಿಗೇನೂ ಆಗಲಿಲ್ಲ' ಎಂದು ಬೇಸತ್ತು ಬಿಡುವ ಪ್ರಸಂಗ ಬರದು.

ಅಕ್ಕನ ಮಗ

ಇದೇ ಜೀನ್ ದೋಷ ಒಬ್ಬರಲ್ಲಿ ನಿಧಾನವಾಗಿ ಬೆನ್ನುಹುರಿಗೆ ಬರುತ್ತದೆ, ಇನ್ನೊಬ್ಬರಲ್ಲಿ ಬಾಲ್ಯದಲ್ಲೇ ಮೆದುಳನ್ನು ಹಿಡಿಯುತ್ತದೆ. ಎರಡನೆಯದಕ್ಕೆ ಮೆದುಳಿನ ಅಡ್ರಿನೋಲ್ಯೂಕೋಡಿಸ್ಟ್ರೋಫಿ ಎನ್ನುತ್ತಾರೆ. ದೋಷವಿರುವ ಗಂಡುಮಕ್ಕಳಲ್ಲಿ ಮೂರರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿಗೆ ಇದು ಬಾಲ್ಯದಲ್ಲೇ, ಹೆಚ್ಚಾಗಿ 4ರಿಂದ 10 ವರ್ಷದೊಳಗೆ, ಶುರುವಾಗುತ್ತದೆ. ದೊಡ್ಡಮ್ಮನ ಮಗನ ಕಥೆ ಇದಕ್ಕೆ ಹೊಂದುತ್ತದೆ. ಒಂದೇ ಮನೆಯಲ್ಲಿ, ಒಂದೇ ದೋಷ, ಒಬ್ಬನಿಗೆ ಹೀಗೆ ಒಬ್ಬನಿಗೆ ಹಾಗೆ ಯಾಕೆ ಎಂಬುದನ್ನು ಜೀನ್ ರಿಪೋರ್ಟ್ ನೋಡಿ ಹೇಳುವ ದಾರಿ ಇಲ್ಲ. ಹಾಗಾಗಿ ಕಾಯಿಲೆ ನಿಮ್ಮಲ್ಲಿ ನಿಧಾನ ಇದೆ ಎಂಬುದು ಆ ಹುಡುಗನಿಗೆ ಯಾವ ಭರವಸೆಯೂ ಅಲ್ಲ.

ಅಮ್ಮನಿಂದ ಅಕ್ಕನಿಗೆ ದೋಷ ಬಂದಿರುವ ಸಾಧ್ಯತೆ ಅರ್ಧ. ಬಂದಿದ್ದರೆ ಮಗನಿಗೆ ದಾಟಿರುವ ಸಾಧ್ಯತೆ ಮತ್ತೆ ಅರ್ಧ. ಅಂದರೆ ನಾಲ್ಕರಲ್ಲಿ ಒಂದು. ಆರು ವರ್ಷದ ಹುಡುಗನ ವಿಷಯದಲ್ಲಿ ನಾಲ್ಕರಲ್ಲಿ ಒಂದು ಎಂದರೆ ದಸರಾ ರಜೆವರೆಗೆ ಕಾಯುವ ಲೆಕ್ಕವಲ್ಲ. ಹುಡುಗನಿಗೆ ಅತಿ ಉದ್ದ ಸರಪಳಿಯ ಕೊಬ್ಬಿನಾಮ್ಲಗಳ (ಈ ಕಾಯಿಲೆಯಲ್ಲಿ ರಕ್ತದಲ್ಲಿ ಹೆಚ್ಚುವ ಕೊಬ್ಬಿನಂಶ) ರಕ್ತಪರೀಕ್ಷೆ ಸಾಕು. ಗಂಡುಮಕ್ಕಳಲ್ಲಿ ಅದು ನಂಬಬಹುದಾದ ಪರೀಕ್ಷೆ. ಅಕ್ಕನಿಗೆ ಮಾತ್ರ ಆ ಪರೀಕ್ಷೆಯನ್ನು ನೆಚ್ಚಬೇಡಿ. ದೋಷ ಹೊತ್ತ ಹೆಂಗಸರಲ್ಲಿ 15ರಿಂದ 20% ಮಂದಿಯ ರಕ್ತದಲ್ಲಿ ಅದು ನಾರ್ಮಲ್ ಬರುತ್ತದೆ. ಅವರಿಗೆ ನೇರವಾಗಿ ಜೀನ್ ಪರೀಕ್ಷೆ ಆಗಬೇಕು. ನಿಮ್ಮ ರಿಪೋರ್ಟಿನಲ್ಲಿ ಎಬಿಸಿಡಿ1 ಜೀನಿನ ಯಾವ ಅಕ್ಷರ ಬದಲಾಗಿದೆ ಎಂದು ಒಂದು ಸಾಲು ಇರುತ್ತದೆ. ಆ ಪುಟದ ಫೋಟೊ ಅಕ್ಕನಿಗೆ ಕಳಿಸಿ. ಅದು ಕೈಯಲ್ಲಿದ್ದರೆ ಲ್ಯಾಬಿನವರು ಇಡೀ ಜೀನ್ ಹುಡುಕದೆ ಆ ಒಂದು ಜಾಗ ಮಾತ್ರ ನೋಡುತ್ತಾರೆ, ಖರ್ಚೂ ಕಡಿಮೆ, ಗೊಂದಲವೂ ಕಡಿಮೆ.

ಹುಡುಗನಿಗೆ ದೋಷ ಇದೆ ಎಂದಾದರೆ 12 ವರ್ಷದವರೆಗೆ ಆರು ತಿಂಗಳಿಗೊಮ್ಮೆ ಮೆದುಳಿನ ಎಂಆರ್‌ಐ, ಕಾರ್ಟಿಸಾಲ್ ಪರೀಕ್ಷೆಯೂ ಅಷ್ಟೇ ನಿಯಮಿತವಾಗಿ. ಆರೋಗ್ಯವಾಗಿ ಆಡುತ್ತಿರುವ ಮಗುವಿಗೆ ಯಾಕೆ ಸ್ಕ್ಯಾನ್ ಎಂದು ಭಾವನವರು ಕೇಳಬಹುದು. ಕಾರಣ ಹೀಗಿದೆ: ಸ್ಕ್ಯಾನಿನಲ್ಲಿ ಬದಲಾವಣೆ ಕಾಣುವುದು ಲಕ್ಷಣಗಳಿಗಿಂತ ಮೊದಲು, ಮತ್ತು ಅಸ್ಥಿಮಜ್ಜೆಯ ಕಸಿ ಫಲ ಕೊಡುವುದು ಆ ಸಣ್ಣ ಅಂತರದಲ್ಲಿ ಮಾತ್ರ. ಸ್ಕ್ಯಾನಿಗೆ ಲೋಸ್ ಎಂಬ ಅಂಕ ಕೊಡುತ್ತಾರೆ, 0ಯಿಂದ 34ರವರೆಗೆ. 9ರೊಳಗಿದ್ದಾಗ ಕಸಿ ಮಾಡಿದರೆ ಕಾಯಿಲೆ ನಿಲ್ಲುವ ಸಾಧ್ಯತೆ ಚೆನ್ನಾಗಿದೆ. ಓದು ಹಿಂದೆ ಬಿದ್ದಿದೆ, ಅಕ್ಷರ ಸೊಟ್ಟಗಾಗಿದೆ, ಗದ್ದಲದಲ್ಲಿ ಟೀಚರ್ ಹೇಳಿದ್ದು ತಿಳಿಯುತ್ತಿಲ್ಲ, ಕಣ್ಣು ಓರೆಯಾಗಿದೆ ಎನ್ನುವ ಹೊತ್ತಿಗೆ ಹಲವು ಸಲ ಗಡುವು ಮೀರಿರುತ್ತದೆ. ತುಂಟತನ, ಗಮನದ ಕೊರತೆ ಎಂದು ಒಂದು ವರ್ಷ ಕಳೆಯುವುದು ಇಲ್ಲಿನ ದೊಡ್ಡ ನಷ್ಟ.

ಕಸಿ ಸುಲಭದ ಮಾತಲ್ಲ. ಸೋಂಕು, ದಾನಿಯ ಕೋಶಗಳು ಮಗುವಿನ ದೇಹದ ಮೇಲೇ ತಿರುಗಿಬೀಳುವುದು, ಕಸಿ ಹಿಡಿಯದಿರುವುದು, ಇವುಗಳಿಂದ ಸಾವೂ ಆಗುತ್ತದೆ. ಕಸಿಯಾದ ಮೇಲೂ ಸುಮಾರು ಒಂದು ವರ್ಷ ಕಾಯಿಲೆ ಮುಂದುವರಿದು ಆಮೇಲೆ ನಿಲ್ಲುತ್ತದೆ. ಅದಕ್ಕೇ ಸ್ಕ್ಯಾನ್ ಸ್ವಚ್ಛವಿರುವ ಮಗುವಿಗೆ ಮುಂಜಾಗ್ರತೆ ಎಂದು ಕಸಿ ಮಾಡುವುದಿಲ್ಲ. ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಪಡೆದ ಜೀನ್ ಚಿಕಿತ್ಸೆ ದಾನಿ ಸಿಗದ ಹುಡುಗರಿಗೆ ದಾರಿ ತೋರಿತ್ತು. ಆದರೆ ಅದನ್ನು ಪಡೆದ 67 ಹುಡುಗರಲ್ಲಿ 7 ಮಂದಿಗೆ ರಕ್ತದ ಕ್ಯಾನ್ಸರ್ ಬಂದದ್ದು 2024ರಲ್ಲಿ ಪ್ರಕಟವಾಯಿತು.

ನಮ್ಮ ದೇಶದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯ ಮೊದಲ ಗುಂಪಿನಲ್ಲಿ, ನರಲಕ್ಷಣಗಳು ಗಟ್ಟಿಯಾಗುವ ಮುಂಚಿನ ಅಡ್ರಿನೋಲ್ಯೂಕೋಡಿಸ್ಟ್ರೋಫಿಯನ್ನು ಹೆಸರಿಸಿ ಸೇರಿಸಿದ್ದಾರೆ. ಗೊತ್ತುಮಾಡಿದ ಉತ್ಕೃಷ್ಟತಾ ಕೇಂದ್ರದ ಮೂಲಕ ಹೋದರೆ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ. ಬೆಂಗಳೂರಿನಲ್ಲಿ ಅಂಥ ಕೇಂದ್ರ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಒಟ್ಟಾಗಿ ನಡೆಸುವಂಥದ್ದು. 'ಮುಂಚಿನ' ಎಂಬ ಪದವನ್ನು ಗಮನಿಸಿ. ನಿಮ್ಮ ಹಂತದ ಬೆನ್ನುಹುರಿಯ ಕಾಯಿಲೆ ಆ ಸಾಲಿನಲ್ಲಿ ಬರುವುದಿಲ್ಲ, ಹುಡುಗ ಬರಬಹುದು.

ನಿಮ್ಮ ಮಕ್ಕಳು, ಮತ್ತು ವರಸೆಯ ಲೆಕ್ಕ

ನಿಮ್ಮ ಮಗನಿಗೆ ಈ ಕಾಯಿಲೆ ನಿಮ್ಮಿಂದ ಬರುವುದಿಲ್ಲ. ದೋಷ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಮಗನಿಗೆ ಅಪ್ಪನಿಂದ ಹೋಗುವುದು ವೈ. ಅವನಿಗೆ ಪರೀಕ್ಷೆಯೂ ಬೇಡ. ಮಗಳಿಗೆ ನಿಮ್ಮ ಒಂದೇ ಎಕ್ಸ್ ಹೋಗಿದೆ, ಆದ್ದರಿಂದ ಆಕೆ ವಾಹಕಿ, ಅಂದರೆ ದೋಷ ಹೊತ್ತವಳು, ಅದಕ್ಕೂ ಪರೀಕ್ಷೆ ಬೇಕಿಲ್ಲ. ವಾಹಕಿಯರಿಗೆ ಮೆದುಳಿನ ಕಾಯಿಲೆ ಬರುವುದು ತೀರಾ ಅಪರೂಪ, ಅಡ್ರಿನಲ್ ಸೋಲುವುದೂ ನೂರರಲ್ಲಿ ಒಬ್ಬರಿಗೆ. ಕಾಲಿನ ಬಿಗಿತ ಸಾಮಾನ್ಯವಾಗಿ 40 ದಾಟಿದ ಮೇಲೆ. ಒಂಬತ್ತು ವರ್ಷದ ಮಗುವಿಗೆ ಈಗ ಮಾಡಬೇಕಾದದ್ದು ಏನೂ ಇಲ್ಲ. ದೊಡ್ಡವಳಾದ ಮೇಲೆ, ಮದುವೆಯ ಮಾತಿಗೆ ಮುಂಚೆ, ಆಕೆಗೆ ತಿಳಿಸಬೇಕು. ಗರ್ಭದ 11ರಿಂದ 13ನೇ ವಾರದಲ್ಲಿ ಮಾಸಿನ ತುಣುಕು ತೆಗೆದು ಪರೀಕ್ಷಿಸುವ ದಾರಿ ಇದೆ. 1994ರ ಕಾಯ್ದೆ ಲಿಂಗಪತ್ತೆಯನ್ನು ನಿಷೇಧಿಸಿದರೂ, ಇಂಥ ಆನುವಂಶಿಕ ಕಾಯಿಲೆಯ ಪತ್ತೆಗೆ ನೋಂದಾಯಿತ ಕೇಂದ್ರದಲ್ಲಿ ಅವಕಾಶ ಕೊಟ್ಟಿದೆ.

ಸೋದರಮಾವನಿಗೆ ಇದೇ ಕಾಯಿಲೆ ಇದ್ದಿದ್ದರೆ ಅವರ ಹೆಣ್ಣುಮಕ್ಕಳೆಲ್ಲ ವಾಹಕಿಯರು, ಗಂಡುಮಕ್ಕಳು ಯಾರೂ ಅಲ್ಲ. ದೊಡ್ಡಮ್ಮ ವಾಹಕಿ ಎಂಬುದು ಬಹುತೇಕ ಗೊತ್ತಾದಂತೆಯೇ. ಆಕೆಯ ಹೆಣ್ಣುಮಕ್ಕಳ ಮನೆಯಲ್ಲಿ ಚಿಕ್ಕ ಗಂಡುಮಕ್ಕಳಿದ್ದರೆ ಅಕ್ಕನ ಮಗನಿಗೆ ಹೇಳಿದ್ದೆಲ್ಲ ಅವರಿಗೂ ಅನ್ವಯ. ತಂದೆಯ ಕಡೆಯ ನೆಂಟರಿಗೆ ಇದರ ಸಂಬಂಧವಿಲ್ಲ.

ನಾಗದೋಷದ ಬಗ್ಗೆ: ಪೂಜೆ ಮಾಡಿಸುವುದು ಬಿಡುವುದು ನಿಮ್ಮ ಮನೆಯ ವಿಷಯ, ಅದರಿಂದ ಚಿಕಿತ್ಸೆಗೆ ಅಡ್ಡಿಯಿಲ್ಲ. ತೊಂದರೆಯಾಗುವುದು ದೋಷದ ಹೊಣೆ ಅಮ್ಮನ ತವರಿನ ಮೇಲೆ ಬಿದ್ದಾಗ. ಮನೆಯ ಹೆಂಗಸರು ಪರೀಕ್ಷೆಗೆ ಬರದಿರುವುದು, ಸುದ್ದಿ ಮುಚ್ಚಿಡುವುದು ಅಲ್ಲಿಂದಲೇ. ಸೋದರಿಕೆಯ ಮದುವೆಯಿಂದ ಈ ಕಾಯಿಲೆ ಬಂತು ಎನ್ನುವುದೂ ತಪ್ಪು; ತಾಯಿಯೊಬ್ಬರಲ್ಲಿ ದೋಷವಿದ್ದರೆ ಸಾಕು, ಗಂಡ ಎಷ್ಟು ದೂರದವನಾದರೂ ಮಗನಿಗೆ ಬರಬಹುದು. ಆದರೆ ಮುಂದಕ್ಕೆ ಸೋದರಿಕೆ ಬೇಡ ಎಂದು ಇಲ್ಲಿ ನಿರ್ದಿಷ್ಟವಾಗಿಯೇ ಹೇಳಬೇಕು. ನಿಮ್ಮ ಮಗಳಿಗೆ ಅಕ್ಕನ ಮಗ ವರಸೆ. ಅವನಿಗೂ ದೋಷ ಇದ್ದು ಇಬ್ಬರಿಗೂ ಮದುವೆಯಾದರೆ, ಹುಟ್ಟುವ ಹೆಣ್ಣುಮಕ್ಕಳೆಲ್ಲ ದೋಷ ಹೊತ್ತಿರುತ್ತಾರೆ, ಅವರಲ್ಲಿ ಅರ್ಧದಷ್ಟು ಮಂದಿಗೆ ಎರಡೂ ಎಕ್ಸ್‌ನಲ್ಲಿ ದೋಷ. ಅವರಿಗೆ ಗಂಡಸರಂತೆಯೇ ಕಾಯಿಲೆ ಬರಬಹುದು.

ಎಂಆರ್‌ಐ ನಾರ್ಮಲ್ ಬಂದದ್ದು ಯಾಕೆ

ಕೊಬ್ಬಿನಾಮ್ಲಗಳು ಇಂಗಾಲದ ಸರಪಳಿಗಳು. ನಾವು ತಿನ್ನುವ ಎಣ್ಣೆ ತುಪ್ಪದಲ್ಲಿ ಹೆಚ್ಚಾಗಿ 16, 18 ಕೊಂಡಿಯವು. ದೇಹ ಕೆಲವನ್ನು 24, 26 ಕೊಂಡಿಗೆ ತಾನೇ ಉದ್ದ ಮಾಡಿಕೊಳ್ಳುತ್ತದೆ. ಉದ್ದನೆಯ ಸೌದೆ ಒಲೆಗೆ ಹಿಡಿಸದು, ಮೊದಲು ಕೊಟ್ಟಿಗೆಯಲ್ಲಿ ತುಂಡು ಮಾಡಬೇಕು. ಜೀವಕೋಶದಲ್ಲಿ ಆ ಕೊಟ್ಟಿಗೆಯ ಹೆಸರು ಪೆರಾಕ್ಸಿಸೋಮ್, ಅದರ ಬಾಗಿಲು ಎಬಿಸಿಡಿ1 ಜೀನ್ ಮಾಡುವ ಪ್ರೋಟೀನು. ಬಾಗಿಲು ಜಾಮ್ ಆದರೆ ಸೌದೆ ಹೊರಗೇ ಒಟ್ಟಿಕೊಳ್ಳುತ್ತದೆ. ನಿಮ್ಮ ರಿಪೋರ್ಟಿನಲ್ಲಿ 'ಸಿ26' ಹೆಚ್ಚು ಎಂದಿರುವುದು ಅದೇ ರಾಶಿ. ಈ ಜೀನನ್ನು 1993ರಲ್ಲಿ ಗುರುತಿಸಿದರು.

ಮೆದುಳಿನಿಂದ ಸೊಂಟದವರೆಗೆ ಇಳಿಯುವ ನರತಂತುಗಳು ದೇಹದ ತೀರಾ ಉದ್ದನೆಯ ತಂತುಗಳ ಸಾಲಿನವು. ಭದ್ರಾ ನಾಲೆಯಲ್ಲಿ ನೀರು ಕಡಿಮೆಯಾದಾಗ ಮೊದಲು ಒಣಗುವುದು ಕೊನೆಭಾಗದ ಗದ್ದೆ ಎಂಬುದು ನಿಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಿಲ್ಲ. ಇಲ್ಲೂ ತಂತು ತುದಿಯಿಂದ ಹಿಂದಕ್ಕೆ ಒಣಗುತ್ತಾ ಬರುತ್ತದೆ. ಊತವಿಲ್ಲ, ಗಡ್ಡೆಯಿಲ್ಲ, ಒತ್ತುವ ಡಿಸ್ಕ್ ಇಲ್ಲ. ಹಾಗಾಗಿ ಎಂಆರ್‌ಐನಲ್ಲಿ ಹುರಿ ಮಾಮೂಲಾಗಿ ಕಾಣುತ್ತದೆ, ಹೆಚ್ಚೆಂದರೆ ಎದೆಭಾಗದಲ್ಲಿ ತುಸು ತೆಳುವಾಗಿರುತ್ತದೆ.

ಬಿ12 ಇಂಜೆಕ್ಷನ್ ಕೊಟ್ಟದ್ದನ್ನು ಪೂರ್ತಿ ತಪ್ಪು ಎನ್ನಲಾರೆ. ಬಿ12 ಕೊರತೆಯೂ ಹುರಿಯ ಇದೇ ಭಾಗಗಳನ್ನು ಕೆಡಿಸುತ್ತದೆ, ಅದು ವಾಸಿಯಾಗುವ ಕಾಯಿಲೆ, ಮೊದಲು ಅದನ್ನೇ ಹುಡುಕಬೇಕು. ಪಾವಗಡದಂಥ ಕಡೆಯವರಾದರೆ ನೀರಿನ ಫ್ಲೋರೈಡ್‌ನಿಂದ ಎಲುಬು ದಪ್ಪವಾಗಿ ಹುರಿಯನ್ನು ಒತ್ತಿದೆಯೇ ಎಂದೂ ನೋಡುತ್ತಾರೆ. ಉಪಯೋಗ ಕಾಣದೆ ಎರಡು ವರ್ಷ ಚುಚ್ಚುತ್ತಲೇ ಹೋದದ್ದು ತಪ್ಪು.

ಎಣ್ಣೆ, ಶೇಂಗಾ, ಬೆಣ್ಣೆದೋಸೆ

ಲೊರೆಂಜೊ ಎಣ್ಣೆ ಎಂದರೆ ಒಲೀಕ್ ಆಮ್ಲ ಮತ್ತು ಎರೂಸಿಕ್ ಆಮ್ಲದ ಶುದ್ಧೀಕರಿಸಿದ ಎಣ್ಣೆಗಳನ್ನು 4:1ರಂತೆ ಬೆರೆಸಿದ್ದು. ಉದ್ದ ಮಾಡುವ ಕಿಣ್ವಕ್ಕೆ ಇವು ಅಡ್ಡ ನಿಲ್ಲುತ್ತವೆ, ಹಾಗಾಗಿ ಕೆಲವೇ ವಾರಗಳಲ್ಲಿ ರಕ್ತದ ಸಿ26 ಇಳಿಯುತ್ತದೆ. ಇದೇ ಇದರ ಆಕರ್ಷಣೆ. ಆದರೆ ರಿಪೋರ್ಟ್ ಚೆನ್ನಾದರೂ ಕಾಲು ಚೆನ್ನಾಗಲಿಲ್ಲ. ಲಕ್ಷಣ ಶುರುವಾದವರಲ್ಲಿ ಇದು ಕಾಯಿಲೆಯನ್ನು ನಿಲ್ಲಿಸಿದ ಪುರಾವೆ ಇಲ್ಲ. ಜತೆಗೆ ಪ್ಲೇಟ್‌ಲೆಟ್ ಇಳಿಯುತ್ತದೆ, ಲಿವರ್ ಕಿಣ್ವ ಏರುತ್ತದೆ, ತಿಂಗಳು ತಿಂಗಳು ರಕ್ತಪರೀಕ್ಷೆ ಬೇಕು. ನಿಮಗೆ ಬೇಡ.

ಸಾಸಿವೆ ಎಣ್ಣೆಯಲ್ಲಿ ಎರೂಸಿಕ್ ಆಮ್ಲ ಇದೆ ಎಂಬುದು ನಿಜ, ಆ ಸುದ್ದಿ ಹುಟ್ಟಿದ್ದು ಅಲ್ಲಿಂದ. ಆದರೆ ಅದು ಅಳತೆಯ ಮಿಶ್ರಣವಲ್ಲ, ಜತೆಗೆ ನಿಮಗೆ ಬೇಡವಾದ ಬೇರೆ ಕೊಬ್ಬುಗಳೂ ಇವೆ. ಲೋಟದಲ್ಲಿ ಕುಡಿಯುವ ಪ್ರಯೋಗ ಮಾಡಬೇಡಿ. ಒಗ್ಗರಣೆಯ ಸಾಸಿವೆ ಕಾಳಿಗೆ ಏನೂ ಅಡ್ಡಿಯಿಲ್ಲ.

ಶೇಂಗಾದಲ್ಲಿ 22, 24 ಕೊಂಡಿಯ ಆಮ್ಲಗಳು ಸ್ವಲ್ಪ ಇವೆ. ಆದರೆ ದೇಹದಲ್ಲಿ ಒಟ್ಟಿಕೊಳ್ಳುವ ರಾಶಿಯ ಹೆಚ್ಚುಪಾಲು ಒಳಗೇ ತಯಾರಾದದ್ದು, ಬಾಯಿ ಕಟ್ಟಿದರೆ ಅದು ಇಳಿಯದು. ಇನ್ನು ಬೆಣ್ಣೆಯ ಕೊಬ್ಬು ಬಹುಪಾಲು 14ರಿಂದ 18 ಕೊಂಡಿಯದು, ಅತಿ ಉದ್ದ ಸರಪಳಿಯದಲ್ಲ. ದಾವಣಗೆರೆಯಲ್ಲಿದ್ದುಕೊಂಡು ಬೆಣ್ಣೆದೋಸೆ ಬಿಟ್ಟ ತ್ಯಾಗ ವ್ಯರ್ಥವಾಯಿತು ಎಂದು ಹೇಳಲು ಬೇಸರವಾಗುತ್ತದೆ. ತೂಕ ಏರದಂತೆ ನೋಡಿಕೊಂಡು ತಿನ್ನಿ. ಬಿಗಿಯಾದ ಕಾಲಿಗೆ ಪ್ರತಿ ಕಿಲೋ ಹೆಚ್ಚುವರಿ ಹೊರೆಯೇ.

ಕಾಲು ಮತ್ತು ಮೂತ್ರ

ಬಿಗಿತಕ್ಕೆ ಬ್ಯಾಕ್ಲೋಫೆನ್. 5 ಮಿಲಿಗ್ರಾಂ ದಿನಕ್ಕೆ ಮೂರು ಸಲ ಶುರುಮಾಡಿ, ಕೆಲವು ದಿನಗಳಿಗೊಮ್ಮೆ ನಿಧಾನ ಏರಿಸುತ್ತಾರೆ. ಇಲ್ಲಿ ಹೆಚ್ಚು ಎಂದರೆ ಒಳ್ಳೆಯದು ಎಂದಲ್ಲ. ನಿಮ್ಮ ಕಾಲಿನಲ್ಲಿ ಬಲವೂ ಕಡಿಮೆಯಾಗಿದೆ, ಆ ಬಿಗಿತವೇ ಕಂಬದಂತೆ ನಿಮ್ಮನ್ನು ನಿಲ್ಲಿಸಿದೆ. ಅದನ್ನು ಪೂರ್ತಿ ತೆಗೆದರೆ ಕಾಲು ಕುಸಿಯುತ್ತದೆ. ಪ್ರಮಾಣ ಏರಿಸಿದ ಮೂರನೇ ದಿನ, ಕೈ ಊರದೆ ಕುರ್ಚಿಯಿಂದ ಏಳಿ. ಮೊದಲಿಗಿಂತ ಕಷ್ಟವಾದರೆ ಒಂದು ಹೆಜ್ಜೆ ಇಳಿಸಬೇಕು ಎಂದು ವೈದ್ಯರಿಗೆ ತಿಳಿಸಿ. ಈ ಮಾತ್ರೆಯನ್ನೂ ತಟ್ಟನೆ ನಿಲ್ಲಿಸುವಂತಿಲ್ಲ, ಫಿಟ್ಸ್, ಭ್ರಮೆ ಬರಬಹುದು. ರಾತ್ರಿ ಸೆಳೆತಕ್ಕೆ ಟಿಜಾನಿಡಿನ್ ಸೇರಿಸುವುದುಂಟು, ಆಗ ಲಿವರ್ ಪರೀಕ್ಷೆ, ಬಿಪಿ ನೋಡಬೇಕು. ಪಾದ ಉರಿಗೆ ಗಾಬಾಪೆಂಟಿನ್ ಅಥವಾ ಪ್ರಿಗಾಬಾಲಿನ್.

ಔಷಧದ ಜತೆಗೆ ದಿನಾ ಹಿಗ್ಗಿಸುವಿಕೆಯೂ ಬೇಕು. ಗೋಡೆಗೆ ಕೈ ಕೊಟ್ಟು, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲದಿಂದ ಏಳದಂತೆ ಮೀನಖಂಡವನ್ನು ಎಳೆಯಿರಿ: 30ರಿಂದ 60 ಸೆಕೆಂಡು, ನಾಲ್ಕು ಸಲ, ಬೆಳಿಗ್ಗೆ ಮತ್ತು ಸಂಜೆ. ಜಗ್ಗಿ ಜಗ್ಗಿ ಮಾಡಬಾರದು, ಜಗ್ಗಿದರೆ ಸ್ನಾಯು ಇನ್ನಷ್ಟು ಸೆಟೆಯುತ್ತದೆ. ತೊಡೆಯ ಹಿಂಭಾಗಕ್ಕೆ ಮಲಗಿ ಟವೆಲ್ಲನ್ನು ಪಾದಕ್ಕೆ ಹಾಕಿ ಎಳೆಯುವುದು, ಒಳತೊಡೆಗೆ ಗೋಡೆಗೊರಗಿ ಕಾಲು ಅಗಲಿಸಿ ಕೂರುವುದು. ಹಿಮ್ಮಡಿ ಪಟ್ಟಿ ಇಲ್ಲದ ಚಪ್ಪಲಿ ಇಂದಿನಿಂದಲೇ ಬೇಡ. ಹಗುರ, ಹಿಂದೆ ಬಿಗಿಯುವ ಸ್ಯಾಂಡಲ್ ಹಾಕಿ. ಮುಂಗಾಲು ನೆಲಕ್ಕೆ ತಾಗಿ ಎಡವುವುದು ಹೆಚ್ಚಾದರೆ ಪಾದವನ್ನು ಎತ್ತಿಹಿಡಿಯುವ ಪ್ಲಾಸ್ಟಿಕ್ ಪಟ್ಟಿಯನ್ನು ಅಳತೆಗೆ ಮಾಡಿಸಿ. ಬಚ್ಚಲಿನಲ್ಲಿ ಹಿಡಿಕೆ, ಕೂರುವ ಕಮೋಡ್. ಬೈಕ್ ನಿಲ್ಲಿಸುವ ಸಮಯ ಬಂದಿದೆ ಎಂದೇ ನನ್ನ ಅಭಿಪ್ರಾಯ: ಕುಣಿಯುವ ಬಲಗಾಲಿನ ಕೆಳಗೇ ಹಿಂಬದಿಯ ಬ್ರೇಕ್ ಇದೆ. ಎರಡೂ ಬ್ರೇಕ್ ಕೈಯಲ್ಲಿರುವ, ಪಕ್ಕಕ್ಕೆ ಚಕ್ರ ಹಾಕಿಸಿದ ಸ್ಕೂಟರ್ ಆದೀತು. ಜಿಲ್ಲಾಸ್ಪತ್ರೆಯಲ್ಲಿ ಅಂಗವೈಕಲ್ಯದ ಮೌಲ್ಯಮಾಪನ ಮಾಡಿಸಿ ಯುಡಿಐಡಿ ಕಾರ್ಡ್ ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ದೀರ್ಘಕಾಲದ ನರರೋಗಗಳೂ ಸೇರಿವೆ, ಶೇ 40 ದಾಟಿದರೆ ಸವಲತ್ತುಗಳಿಗೆ ದಾರಿಯಾಗುತ್ತದೆ.

ಮೂತ್ರಕ್ಕೆ ಮಾತ್ರೆ ಶುರುಮಾಡುವ ಮುಂಚೆ, ಮೂತ್ರ ಮಾಡಿದ ಮೇಲೆ ಚೀಲದಲ್ಲಿ ಎಷ್ಟು ಉಳಿದಿದೆ ಎಂದು ಅಲ್ಟ್ರಾಸೌಂಡ್‌ನಲ್ಲಿ ನೋಡಿಸಬೇಕು. ಉಳಿಕೆ ಕಡಿಮೆಯಿದ್ದರೆ ಸಾಲಿಫೆನಾಸಿನ್ ಅಥವಾ ಮಿರಾಬೆಗ್ರಾನ್ ಅವಸರವನ್ನು ತಗ್ಗಿಸುತ್ತವೆ. ಉಳಿಕೆ 150 ಮಿಲಿಲೀಟರ್‌ಗಿಂತ ಹೆಚ್ಚಿದ್ದಾಗ ನೋಡದೆ ಕೊಟ್ಟರೆ ಮೂತ್ರ ಕಟ್ಟಬಹುದು. ಆಗ ದಿನಕ್ಕೆ ಕೆಲವು ಸಲ ತಾವೇ ನಳಿಕೆ ಹಾಕಿ ಖಾಲಿ ಮಾಡುವುದನ್ನು ಕಲಿಸುತ್ತಾರೆ. ತರಗತಿಗೆ ಹೆದರಿ ನೀರು ಕುಡಿಯುವುದನ್ನು ನಿಲ್ಲಿಸಬೇಡಿ, ಸೋಂಕು, ಮಲಬದ್ಧತೆ ಎರಡೂ ಬರುತ್ತವೆ. ಒಂದೆರಡು ದಿನದಲ್ಲಿ ಕಾಲು ದಿಢೀರನೆ ಬಿಗಿಯಾದರೆ ಕಾಯಿಲೆ ಏರಿತೆಂದು ಹೆದರುವ ಮೊದಲು ಮೂತ್ರಪರೀಕ್ಷೆ ಮಾಡಿಸಿ. ಮೂತ್ರದ ಸೋಂಕು, ಕಟ್ಟಿದ ಮಲ, ಒಳಸರಿದ ಉಗುರು ಕೂಡ ಸೆಟೆತವನ್ನು ಕೆರಳಿಸುತ್ತವೆ. ದಾಂಪತ್ಯದ ತೊಂದರೆಯ ಬಗ್ಗೆ ನೀವು ಬರೆದಿಲ್ಲ. ಇದ್ದರೆ ಅದೂ ಇದೇ ಕಾಯಿಲೆಯ ಭಾಗ, ಚಿಕಿತ್ಸೆ ಇದೆ, ವೈದ್ಯರ ಬಳಿ ಹೇಳಿಕೊಳ್ಳಿ.

ಮೆದುಳಿಗೆ ಹೋಗುತ್ತದೆಯೇ

ಹೋಗಬಹುದು. ಬೆನ್ನುಹುರಿಯ ರೂಪವಿರುವ ಗಂಡಸರಲ್ಲಿ ಸುಮಾರು ಐದರಲ್ಲೊಬ್ಬರಿಗೆ ಹತ್ತು ವರ್ಷದ ಅವಧಿಯಲ್ಲಿ ಮೆದುಳಿನ ಬದಲಾವಣೆ ಕಂಡಿದೆ. ಉಳಿದವರಿಗೆ ಕಾಣಲಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆ ಮೆದುಳಿನ ಎಂಆರ್‌ಐ ಮಾಡಿಸಿ. ಇದುವರೆಗೆ ನಿಮಗೆ ಕತ್ತು, ಬೆನ್ನಿನದ್ದಷ್ಟೇ ಆಗಿದೆ. ತಲೆಗೆ ಪೆಟ್ಟು ಬಿದ್ದ ಬಳಿಕ ಮೆದುಳಿನ ಕಾಯಿಲೆ ಶುರುವಾದ ವರದಿಗಳಿವೆ, ಬೀಳುವುದನ್ನು ತಪ್ಪಿಸುವುದು ಅದಕ್ಕೂ ಮುಖ್ಯ. ದೊಡ್ಡವರಲ್ಲೂ ಕಸಿ ಮಾಡುವುದುಂಟು, ಆದರೆ ಬದಲಾವಣೆ ಆಗತಾನೇ ಶುರುವಾದಾಗ, ಕಾಲಿನ ಸ್ಥಿತಿ ತೀರಾ ಕೆಟ್ಟಿರದಿದ್ದಾಗ ಮಾತ್ರ. ಬರೀ ಬೆನ್ನುಹುರಿಯ ತೊಂದರೆಗೆ ಕಸಿ ಮಾಡುವುದಿಲ್ಲ, ಅದು ಕಾಲನ್ನು ಕಾಪಾಡುವುದಿಲ್ಲ.

ಹೊಸ ಔಷಧಗಳಲ್ಲಿ ಲೆರಿಗ್ಲಿಟಜೋನ್ ಹೆಸರು ಕೇಳಿರಬಹುದು. ನಿಮ್ಮಂಥ 116 ಗಂಡಸರಲ್ಲಿ 96 ವಾರ ಪರೀಕ್ಷಿಸಿದಾಗ ಆರು ನಿಮಿಷದಲ್ಲಿ ನಡೆಯುವ ದೂರದಲ್ಲಿ ನಿರ್ಣಾಯಕ ವ್ಯತ್ಯಾಸ ಕಾಣಲಿಲ್ಲ. ಮೆದುಳಿನ ಬದಲಾವಣೆಯನ್ನು ತಡೆಯಬಹುದೇನೋ ಎಂಬ ಸುಳಿವು ಸಿಕ್ಕಿತು, ಅಷ್ಟೇ. ಆ ಆರು ನಿಮಿಷದ ನಡಿಗೆಯನ್ನು ನೀವೂ ಅಳೆಯಬಹುದು: ಶಾಲೆಯ ಮೈದಾನದಲ್ಲಿ 30 ಮೀಟರ್ ಗೆರೆ ಹಾಕಿ, ಆರು ತಿಂಗಳಿಗೊಮ್ಮೆ ಬರೆದಿಡಿ. 'ಕೆಟ್ಟಿದೆ ಅನಿಸುತ್ತದೆ' ಎನ್ನುವುದಕ್ಕಿಂತ ಆ ಅಂಕಿ ವೈದ್ಯರಿಗೆ ಹೆಚ್ಚು ಹೇಳುತ್ತದೆ.

ಬೆನ್ನಿಗೆ ಸ್ಟೆಮ್ ಸೆಲ್ ಚುಚ್ಚುತ್ತೇವೆ ಎಂದವರ ಕಡೆ ಹೋಗಬೇಡಿ. ಮೇಲೆ ಹೇಳಿದ ಅಸ್ಥಿಮಜ್ಜೆಯ ಕಸಿಗೂ ಇದಕ್ಕೂ ಹೆಸರಷ್ಟೇ ಒಂದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಒಪ್ಪಿಗೆ ಪಡೆದ ಪ್ರಯೋಗದ ಹೊರಗೆ ಇಂಥದ್ದನ್ನು ಚಿಕಿತ್ಸೆ ಎಂದು ಮಾರುವಂತಿಲ್ಲ. ಅವರು ಹಣ ಕೇಳುತ್ತಿದ್ದರೆ ಅದು ಪ್ರಯೋಗವಲ್ಲ ಎಂದು ತಿಳಿಯಿರಿ.

ಅಮ್ಮನ ಮಂಡಿ

ಆಪರೇಷನ್ ತಾರೀಖನ್ನು ಸದ್ಯಕ್ಕೆ ಮುಂದೂಡಿ. ಅಮ್ಮ ವಾಹಕಿ ಎಂಬುದು ನಿಮ್ಮ ಮನೆತನದ ಇತಿಹಾಸದಿಂದ ಬಹುತೇಕ ಖಚಿತ. ವಾಹಕಿಯರಲ್ಲಿ 60 ದಾಟಿದವರ ಪೈಕಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಂದಿಗೆ ಬೆನ್ನುಹುರಿಯ ಲಕ್ಷಣಗಳು ಬರುತ್ತವೆ, 'ವಯಸ್ಸಾಯ್ತು, ಮಂಡಿ' ಎಂದು ಎಲ್ಲರೂ ಬಿಟ್ಟುಬಿಡುತ್ತಾರೆ. ಅವರನ್ನು ಕೇಳಿ: ಮೆಟ್ಟಿಲು ಹತ್ತುವಾಗ ಮಂಡಿಯಲ್ಲಿ ನೋವೇ, ಅಥವಾ ಕಾಲು ಎತ್ತಲು ಬಾರದೆ ಎಡವುತ್ತದೆಯೇ? ಚಪ್ಪಲಿ ಜಾರುತ್ತದೆಯೇ? ಮೂತ್ರಕ್ಕೆ ಓಡಬೇಕಾಗುತ್ತದೆಯೇ? ನರರೋಗ ತಜ್ಞರು ಒಮ್ಮೆ ಮಂಡಿಗೆ ಸುತ್ತಿಗೆ ತಟ್ಟಿ, ಹೆಬ್ಬೆರಳಿಗೆ ಟ್ಯೂನಿಂಗ್ ಫೋರ್ಕ್ ಇಟ್ಟು ನೋಡಿದರೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಎಕ್ಸ್‌ರೇಯಲ್ಲಿ ಸವೆತ ಜೋರಾಗಿದ್ದು ನೋವೇ ಮುಖ್ಯವಾಗಿದ್ದರೆ ಆಪರೇಷನ್ ನೋವನ್ನು ಕಳೆಯಬಹುದು. ಎಡವುವುದು, ಬಿಗಿತ ಇವೇ ಮುಖ್ಯವಾಗಿದ್ದರೆ ಹೊಸ ಮಂಡಿ ಹಾಕಿಸಿದ ಮೇಲೂ ಅವು ಹಾಗೆಯೇ ಇರುತ್ತವೆ, ಆಪರೇಷನ್ ನಂತರದ ನೋವಿಗೆ ಸೆಟೆತ ಇನ್ನೂ ಹೆಚ್ಚಿ ಮಂಡಿ ಮಡಚಿಕೊಂಡೇ ಉಳಿಯುವ ಅಪಾಯವೂ ಇದೆ. ಮೂಳೆ ತಜ್ಞರಿಗೆ ನಿಮ್ಮ ಜೀನ್ ರಿಪೋರ್ಟಿನ ಪ್ರತಿಯನ್ನೂ ಕೊಡಿ.